ಗದ್ದಕ್ಕೆ ಎರಡು ಹೊತ್ತು

ಗದ್ದದ ಮೇಲೆ ಕೂದಲು ಯಾವಾಗ ಶುರುವಾಯಿತು ಎಂದು ಯಾರಾದರೂ ಕೇಳಿದ್ದರೆ, ಮಗಳು ಹುಟ್ಟಿದ ಮೇಲೆ ಎಂದು ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ. ನನಗೆ ನಾನೇ ಹೇಳಿಕೊಳ್ಳುತ್ತಿದ್ದ ಉತ್ತರ ಅದು. ಹೆರಿಗೆಯಾಯಿತು, ದೇಹ ಏರುಪೇರಾಯಿತು, ಕೂದಲು ಬಂತು. ಕೇಳಿದವರು ತಲೆಯಾಡಿಸಿ ಸುಮ್ಮನಾಗುವಂಥ ಕಾರಣ.

ಹೋದ ವರ್ಷ ಬೀರು ಖಾಲಿ ಮಾಡುವಾಗ ಎಂ.ಎಸ್ಸಿ. ಓದುತ್ತಿದ್ದ ಕಾಲದ ಡೈರಿ ಸಿಕ್ಕಿತು. ಹಾಸ್ಟೆಲಿನ ಒಂದು ಭಾನುವಾರದ ಪುಟದಲ್ಲಿ ಹೀಗಿತ್ತು: "ಗದ್ದದ ಕೆಳಗಿನ ಮೂರನ್ನೂ ಚಿಮುಟದಿಂದ ಕಿತ್ತೆ. ರೂಮ್‌ಮೇಟ್ ಸ್ನಾನಕ್ಕೆ ಹೋಗುವವರೆಗೆ ಕಾದೆ." ಮೂರನ್ನೂ ಎಂದು ಬರೆದಿದ್ದೇನೆ. ಅಂದರೆ ಆ ಮೂರು ಅಷ್ಟು ಹೊತ್ತಿಗಾಗಲೇ ಹಳೆಯ ಪರಿಚಯದವು. ನನ್ನ ಮದುವೆಗೆ ಆಗ ಇನ್ನೂ ನಾಲ್ಕು ವರ್ಷವಿತ್ತು, ಮಗಳು ಹುಟ್ಟಲು ಆರು.

ಆದ್ದರಿಂದ ಇದನ್ನು, ನಡೆದದ್ದನ್ನು ಅವತ್ತವತ್ತೇ ಬರೆದಿಟ್ಟ ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ. ನೆನಪು ಒಂದು ಹೇಳಿ ನೋಟ್‌ಬುಕ್ ಇನ್ನೊಂದು ಹೇಳಿದ ಕಡೆ ಎರಡನ್ನೂ ಬರೆಯುತ್ತೇನೆ.

ನನಗೆ ಕೆಲಸ ಕೆ.ಜಿ.ಎಫ್‌.ನ ಒಂದು ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ. ಅಪ್ಪನೂ ಹಾವೇರಿ ಕಡೆಯಿಂದ ಬಂದು ಅದೇ ಊರಿನಲ್ಲಿ ಫಿಟ್ಟರ್ ಆಗಿದ್ದವರು. ನಾನು ಬೆಳೆದದ್ದು ಕ್ವಾರ್ಟರ್ಸಿನಲ್ಲಿ. ಈಗ ಗಂಡನ ಮನೆ ಬಂಗಾರಪೇಟೆ. ದಿನಾ ಬೆಳಿಗ್ಗೆ ಮಾರಿಕುಪ್ಪಂ ರೈಲು ಹತ್ತುತ್ತೇನೆ. ಮೆಷಿನ್‌ನಿಂದ ಬಂದ ಬಿಡಿಭಾಗಗಳನ್ನು ಅಳೆದು ಪಾಸು ಅಥವಾ ರಿಜೆಕ್ಟ್ ಮಾಡುವುದು ನನ್ನ ಕೆಲಸ. ಅಳತೆಯ ವಿಷಯದಲ್ಲಿ ನಮ್ಮ ವಿಭಾಗದಲ್ಲಿ ನನ್ನನ್ನು ಮೀರಿಸುವವರಿಲ್ಲ. ಇದನ್ನು ಹೇಳಿಕೊಳ್ಳಲು ಸಂಕೋಚವಿಲ್ಲ, ಏಕೆಂದರೆ ಇದಕ್ಕೆ ದಾಖಲೆಗಳಿವೆ.

ಹೊಸದಾಗಿ ಬರುವ ಅಪ್ರೆಂಟಿಸ್‌ಗಳಿಗೆ ಕೂದಲೆಳೆಯ ದಪ್ಪವನ್ನೂ ಅಳೆಯುವ ಮೈಕ್ರೋಮೀಟರ್ ಹಿಡಿಯುವುದನ್ನು ಯಾರಾದರೂ ಕಲಿಸಬೇಕು. ಎರಡು ವಾರದ ತರಗತಿ. ನಮ್ಮ ವಿಭಾಗದ ಮುಖ್ಯಸ್ಥರು ಎರಡು ಸಲ ನನ್ನನ್ನೇ ಕರೆದರು. ಎರಡು ಸಲವೂ ಗಂಟಲು ಸರಿಯಿಲ್ಲ ಎಂದೆ. ನಿಜ ಬೇರೆಯಿತ್ತು. ಮೈಕ್ರೋಮೀಟರಿನ ಗೆರೆ ಓದಿಸಬೇಕಾದರೆ ಕಲಿಯುವವರ ಪಕ್ಕದಲ್ಲೇ ಬಾಗಬೇಕು. ಒಂದೇ ಟ್ಯೂಬ್‌ಲೈಟಿನ ಕೆಳಗೆ ಅವರ ಕಣ್ಣು, ನನ್ನ ಗದ್ದ, ನಡುವೆ ಒಂದು ಗೇಣು. ಕಲಿಸುವುದು ನನಗೆ ಇಷ್ಟ. ನಾನು ಎಂ.ಎಸ್ಸಿ. ಮಾಡಿದ್ದೇ ಕಲಿಸಬೇಕು ಎಂದು. ಆದರೂ ಎರಡು ಸಲ ಬೇರೆಯವರು ಆ ಮೇಜಿನ ಮುಂದೆ ನಿಂತು, ಬಿಗಿತ ಹದಕ್ಕೆ ಬಂದಾಗ ಟಕ್ಕೆನ್ನುವ ರ‍್ಯಾಚೆಟ್ ತಿರುಗಿಸದೆ ನೇರ ಬಿಗಿಯುವುದನ್ನೂ ಮಕ್ಕಳು ಅದನ್ನೇ ಕಲಿಯುವುದನ್ನೂ ಗಾಜಿನ ಈಚೆಯಿಂದ ನೋಡಿದೆ.

ಕೊರೊನಾ ಕಾಲದ ಮಾಸ್ಕ್ ನನಗೆ ದೊಡ್ಡ ಉಪಕಾರ ಮಾಡಿತ್ತು. ಎಲ್ಲರೂ ತೆಗೆದ ಮೇಲೂ ಧೂಳಿನ ಅಲರ್ಜಿ ಎಂದು ನಾನು ಹಾಕಿಕೊಂಡೇ ಇದ್ದೆ. ಒಂದು ದಿನ ಮುಖ್ಯಸ್ಥರು ಎಲ್ಲರ ಮುಂದೆಯೇ ಕೇಳಿದರು, "ಮೇಡಂ, ನವೆಂಬರಲ್ಲಿ ಹೊಸ ಬ್ಯಾಚ್ ಬರ್ತಿದೆ. ಗಂಟಲು ಈಗಲೇ ರಿಪೇರಿ ಮಾಡಿಸಿಕೊಳ್ತೀರೋ, ಇಲ್ಲಾ ಅದಕ್ಕೂ ಅಲರ್ಜಿನೋ?"

ಎಲ್ಲರೂ ನಕ್ಕರು. ನಾನೂ ಮಾಸ್ಕಿನೊಳಗೆ ನಕ್ಕೆ. ಆಮೇಲೆ, "ನವೆಂಬರಿಗೆ ನಾನೇ ತಗೋತೀನಿ ಸರ್," ಎಂದೆ. ಅದು ಜೂನ್ ತಿಂಗಳು. ಮಾತು ಬಾಯಿಂದ ಹೊರಬಿದ್ದಿತ್ತು, ಹಿಂದೆ ತೆಗೆದುಕೊಳ್ಳುವುದಿಲ್ಲ ಎಂದು ಅವತ್ತೇ ನೋಟ್‌ಬುಕ್ಕಿನಲ್ಲಿ ಬರೆದೆ.

ಬಂಗಾರಪೇಟೆಯಲ್ಲಿ ಒಬ್ಬರು ಚರ್ಮದ ಡಾಕ್ಟರ್ ಇದ್ದಾರೆ. ಹೆಂಗಸು, ಮಾತು ಕಡಿಮೆ. ಮುಟ್ಟಿನ ಬಗ್ಗೆ ಕೇಳಿದರು, ರಕ್ತ ಪರೀಕ್ಷೆ ಬರೆದರು, ಸ್ಕ್ಯಾನ್ ಮಾಡಿಸಿದರು. ಗಾಬರಿಪಡುವಂಥದ್ದೇನೂ ಇಲ್ಲ, ಕೆಲವರ ಕೂದಲಿನ ಬೇರಿಗೆ ಚುರುಕು ಜಾಸ್ತಿ ಎಂದರು. ಒಂದು ಮುಲಾಮು ಬರೆದುಕೊಟ್ಟರು. ಅದರ ಹೆಸರು ನನ್ನ ನಾಲಿಗೆಯಲ್ಲಿ ಇವತ್ತಿಗೂ ಹೊರಳುವುದಿಲ್ಲ.

"ಇದು ಕೂದಲು ತೆಗೆಯೋ ಔಷಧ ಅಲ್ಲ. ತೆಗೆಯೋದನ್ನ ನೀವು ಎಂದಿನ ಹಾಗೆ ತೆಗೀತಾ ಇರಬೇಕು. ಇದು ಬೆಳೆಯೋದನ್ನ ನಿಧಾನ ಮಾಡುತ್ತೆ, ಅಷ್ಟೇ."

"ಎಷ್ಟು ದಿನ ಹಚ್ಚಬೇಕು ಮೇಡಂ?"

"ಎರಡು ತಿಂಗಳು ನನ್ನನ್ನ ಏನೂ ಕೇಳಬೇಡಿ. ನಾಲ್ಕು ತಿಂಗಳಾದರೂ ವ್ಯತ್ಯಾಸ ಕಾಣಲಿಲ್ಲ ಅಂದ್ರೆ ನಿಲ್ಲಿಸಿಬಿಡೋಣ."

"ವ್ಯತ್ಯಾಸ ಕಂಡರೆ?"

"ಹಚ್ತಾ ಇರಬೇಕು. ಬಿಟ್ಟರೆ ಎರಡು ತಿಂಗಳಲ್ಲಿ ಮೊದಲಿನ ಹಾಗೇ. ಇನ್ನೊಂದು ಮಗು ಯೋಚನೆ ಇದ್ದರೆ ಮಾತ್ರ ಮೊದಲೇ ಬಂದು ಹೇಳಿ."

ದಿನಕ್ಕೆ ಎರಡು ಹೊತ್ತು, ತೆಳ್ಳಗೆ. ಎರಡು ಸಲದ ನಡುವೆ ಎಂಟು ಗಂಟೆಯಾದರೂ ಬಿಡಬೇಕು. ಹಚ್ಚಿದ ಮೇಲೆ ನಾಲ್ಕು ಗಂಟೆ ಆ ಜಾಗ ತೊಳೆಯಬಾರದು. ನಾನು ಬೆಳಿಗ್ಗೆ ಆರೂವರೆ, ಸಂಜೆ ಆರೂವರೆ ಎಂದು ಗೊತ್ತು ಮಾಡಿದೆ. ನೋಟ್‌ಬುಕ್ಕಿನಲ್ಲಿ ದಿನಕ್ಕೆ ಎರಡು ಗೀಟು. ನೂಲಿನಿಂದ ಕೂದಲು ಕೀಳಿಸುವ ತ್ರೆಡ್ಡಿಂಗ್ ಮಾಡಿಸಿದ ದಿನಕ್ಕೆ ಒಂದು ಸುತ್ತು. ಸುತ್ತಿಗೂ ಸುತ್ತಿಗೂ ನಡುವೆ ಎಷ್ಟು ದಿನ ಎನ್ನುವುದೇ ನನ್ನ ಪರೀಕ್ಷೆ. ಶುರುವಿನಲ್ಲಿ ಅದು ಐದು ದಿನ.

ನಾಲ್ಕು ಗಂಟೆ ತೊಳೆಯಬಾರದು ಎನ್ನುವುದು ಎಷ್ಟು ಕಷ್ಟ ಎಂದು ಡಾಕ್ಟರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಮನೆಯಲ್ಲಿ ಮುಖವೆಂಬುದು ಪೂರ್ತಿ ನನ್ನ ಸ್ವತ್ತಲ್ಲ. ಅತ್ತೆ ಬೂದಿಕೋಟೆ ಕಡೆಯವರು. ಶುಕ್ರವಾರ ಬೆಳಿಗ್ಗೆ ಮುತ್ತೈದೆ ಕೆನ್ನೆಗೆ, ಗದ್ದಕ್ಕೆ ಅರಿಶಿನ ಹಚ್ಚಿ ತೊಳೆದು, ಆಮೇಲೆ ದೀಪ ಹಚ್ಚಬೇಕು. ಮೊದಲ ಶುಕ್ರವಾರ ನಾನು ಏನೂ ಹೇಳದೆ ತಪ್ಪಿಸಿಕೊಂಡೆ. ಎರಡನೆಯದಕ್ಕೆ ಅತ್ತೆ ಬಚ್ಚಲ ಬಾಗಿಲಲ್ಲೇ ನಿಂತಿದ್ದರು.

"ಏನಮ್ಮಾ, ಎಲ್ಡ್ ವಾರದಿಂದ ನೋಡ್ತಾ ಇವ್ನಿ. ಅರಿಶಿನ ಮುಟ್ತಿಲ್ಲ. ಅದ್ಯಾವ್ದೋ ಬಿಳೀದು ಅಚ್ಕೊಂಡು ಓಗ್ತೀಯ. ಬೆಳ್ಳಗಾಗೋಕಾ? ಮದ್ವೆ ಆಗಿ ಒಂಬತ್ ವರ್ಸ ಆಯ್ತಲ್ಲಮ್ಮಾ, ಈಗ್ಯಾರ್ಗೆ ತೋರ್ಸೋಕೆ?"

ನಾನು ಅವರನ್ನು ಒಳಗೆ ಕರೆದು ಗದ್ದ ತೋರಿಸಿ ಹೇಳಿದೆ. ಅವರು ಹತ್ತಿರ ಬಂದು, ಕನ್ನಡಕ ಏರಿಸಿ, ಬೆರಳಲ್ಲಿ ಸವರಿ ನೋಡಿದರು. ಒಂಬತ್ತು ವರ್ಷದಲ್ಲಿ ಮನೆಯವರು ಯಾರೂ ಆ ಜಾಗ ಮುಟ್ಟಿರಲಿಲ್ಲ, ಗಂಡನೂ ಸೇರಿದಂತೆ. ಅವನಿಗೆ ಗೊತ್ತಿಲ್ಲದೆ ಏನಲ್ಲ. ಅದರ ಬಗ್ಗೆ ಮಾತಾಡದಿರುವುದೇ ಒಳ್ಳೆಯತನ ಎಂದು ಇಬ್ಬರೂ ತಿಳಿದಿದ್ದೆವು.

"ಇಷ್ಟೇನಾ? ನಮ್ಮ ದೊಡ್ಡಮ್ಮಂಗೆ ಮೀಸೇನೇ ಇತ್ತು. ಅವಳ್ನ ಕಂಡ್ರೆ ಊರ್ ಗಂಡಸ್ರೆಲ್ಲ ನಡುಗೋರು," ಎಂದು ಅತ್ತೆ ನಕ್ಕರು. ಆಮೇಲೆ, "ಅರಿಶಿನ ಮಾತ್ರ ಬಿಡಬ್ಯಾಡ," ಎಂದರು.

ಬಿಡಲಿಲ್ಲ. ಶುಕ್ರವಾರ ಐದು ಗಂಟೆಗೇ ಎದ್ದು ಸ್ನಾನ, ಅರಿಶಿನ, ದೀಪ ಮುಗಿಸಿ, ಮುಖ ಒಣಗಿದ ಮೇಲೆ ಆರೂವರೆಗೆ ಮುಲಾಮು. ಅರಿಶಿನ ಕುಂಕುಮಕ್ಕೆ ಯಾರಾದರೂ ಕರೆದರೆ ಕೆನ್ನೆಗೆ ಮಾತ್ರ ಸವರಿಕೊಂಡು ಗದ್ದ ತಪ್ಪಿಸುವುದನ್ನೂ ಕಲಿತೆ. ಮೂವತ್ತು ದಿನದಲ್ಲಿ ಅರವತ್ತು ಗೀಟು ಬಿದ್ದಿವೆ, ಒಂದೂ ತಪ್ಪಿಲ್ಲ.

ಆದರೆ ಕನ್ನಡಿಯಲ್ಲಿ ಏನೂ ಬದಲಾಗಿರಲಿಲ್ಲ. ಐದನೇ ವಾರ ನಾನು ತಾಳ್ಮೆ ಕಳೆದುಕೊಂಡೆ. ಅಲ್ಲಿ ನಡೆದದ್ದನ್ನು ನಾನು ತಿಂಗಳುಗಟ್ಟಲೆ ಹೀಗೆ ಹೇಳಿಕೊಂಡು ಬಂದೆ: ಕಸ್ತೂರಿ ಅರಿಶಿನ ಹಚ್ಚಿದರೆ ಕೂದಲು ಹುಟ್ಟುವುದಿಲ್ಲ ಎಂದು ಅತ್ತೆ ಹಟ ಹಿಡಿದರು, ಕಲ್ಲಿನ ಮೇಲೆ ತೇಯ್ದುಕೊಟ್ಟರು, ಮುಲಾಮಿನ ಜೊತೆ ಕಲೆಸಿ ಹಚ್ಚು ಎಂದರು, ನಾನು ಅವರ ಮನಸ್ಸು ನೋಯಿಸಬಾರದೆಂದು ಹಚ್ಚಿದೆ. ತ್ರೆಡ್ಡಿಂಗ್ ಮಾಡಿಸಿಕೊಂಡು ಬಂದ ಸಂಜೆಯದು. ಚರ್ಮ ಆಗಲೇ ಕೆಂಪಗಿತ್ತು. ಅರ್ಧ ಗಂಟೆಯಲ್ಲಿ ಗದ್ದಕ್ಕೆ ಮೆಣಸಿನಕಾಯಿ ಉಜ್ಜಿದ ಹಾಗಾಯಿತು. ಬೆಳಿಗ್ಗೆ ನೋಡಿದರೆ ಗದ್ದ ಪೂರ್ತಿ ಕೆಂಪು ಗುಳ್ಳೆ. ಡಾಕ್ಟರ್ ಟಾರ್ಚ್ ಬಿಟ್ಟು ನೋಡಿ, "ಎಂ.ಎಸ್ಸಿ. ಅಂದಿರಲ್ಲಾ?" ಎಂದು ಒಂದೇ ಮಾತು ಕೇಳಿದರು. ಗುಳ್ಳೆ ಆರುವವರೆಗೆ ಎಲ್ಲ ನಿಲ್ಲಿಸಬೇಕಾಯಿತು. ನೋಟ್‌ಬುಕ್ಕಿನಲ್ಲಿ ಒಂಬತ್ತು ದಿನ ಗೀಟಿಲ್ಲ.

ಈ ಕಥೆಯನ್ನು ಗಂಡನಿಗೆ ಹೇಳಿದೆ, ತಂಗಿಗೆ ಫೋನಿನಲ್ಲಿ ಹೇಳಿದೆ. ಹೇಳುವಾಗ ಅತ್ತೆಯ ದನಿಯನ್ನೂ ಅನುಕರಿಸುತ್ತಿದ್ದೆ. ಇದನ್ನು ಬರೆಯಲು ಕೂತಾಗ ಆ ದಿನದ ಪುಟ ತೆಗೆದೆ. ನನ್ನದೇ ಅಕ್ಷರ: "ಕಸ್ತೂರಿ ಅರಿಶಿನ ತೇಯ್ದುಕೊಡಿ ಅಂತ ಅತ್ತೆಯನ್ನು ಕೇಳಿದೆ. ಮುಲಾಮು ಇರುವಾಗ ಬೇಡ, ಡಾಕ್ಟರನ್ನ ಕೇಳು ಅಂದರು. ಏನೂ ಆಗಲ್ಲ ಅಂದೆ."

ಎರಡು ಸಲ ಓದಿದೆ. ಹಟ ಹಿಡಿದವಳು ನಾನು, ಬೇಡ ಎಂದವರು ಅವರು. ಅರಿಶಿನ ಎಂದರೆ ಅತ್ತೆ ಎನ್ನುವಷ್ಟು ಸುಲಭವಾಗಿ ನನ್ನ ತಲೆ ತಪ್ಪನ್ನು ಅವರ ಮೇಲೆ ಹೊರಿಸಿಬಿಟ್ಟಿತ್ತು. ಓದಿದವಳು ನಾನು, ಅಂಥ ದಡ್ಡತನ ಓದದವರದೇ ಇರಬೇಕು ಎಂಬ ನಂಬಿಕೆ ಒಳಗೆಲ್ಲೋ ಇದ್ದಿರಬೇಕು. ನಾಚಿಕೆಯಾಯಿತು. ಪುಟವನ್ನು ತೆಗೆದುಕೊಂಡು ಹೋಗಿ, ಅವರೆಕಾಯಿ ಸುಲಿಯುತ್ತಿದ್ದ ಅತ್ತೆಗೆ ಓದಿ ಹೇಳಿದೆ. ಅವರು ಕೈ ನಿಲ್ಲಿಸಲಿಲ್ಲ.

"ಅಂಗಾ? ನಾನೇ ಅಚ್ಚು ಅಂದೆ ಅಂತಾನೇ ನಂಗೂ ನೆಪ್ಪು."

"ಇಲ್ಲ ಅತ್ತೆ. ನೀವು ಬೇಡ ಅಂದ್ರಿ."

"ನೀನು ಎಲ್ರತ್ರಾನೂ ನಾನೇ ಅಂತ ಏಳಿ ಏಳಿ, ಅದು ನಂಗೂ ಅಂಗೇ ಕುಂತ್ಬಿಟ್ಟದೆ ಕಣಮ್ಮ. ಓಗ್ಲಿ ಬಿಡು. ಈಗ ನಿನ್ ಗಂಡಂಗೂ ಓದೇಳು ಮತ್ತೆ. ನಮ್ಮಮ್ಮ ಮೂಡ್ರು ಅಂತ ನಕ್ಕಿದ್ನಲ್ಲ, ಅವ್ನ್ಗೆ ಮೊದ್ಲು ಓದೇಳು."

ಸಂಜೆ ಅವನಿಗೂ ಓದಿದೆ. ಅತ್ತೆ ಪಕ್ಕದಲ್ಲೇ ಕೂತು ಪೂರ್ತಿ ಕೇಳಿಸಿಕೊಂಡರು.

ನಾನು ಹಿಂದಿನದಕ್ಕೆ ಹೋಗಬೇಕು. ಗುಳ್ಳೆ ಆರಿದ ಮೇಲೆ ಮತ್ತೆ ಶುರುಮಾಡಿದೆ. ಈ ಸಲ ಕನ್ನಡಿ ನೋಡುವುದನ್ನು ಬಿಟ್ಟೆ. ನಮ್ಮ ವಿಭಾಗದಲ್ಲಿ ಒಂದು ನಿಯಮವಿದೆ. ಬಿಡಿಭಾಗ ಮಾಡಿದವನೇ ಅದನ್ನು ಪಾಸು ಮಾಡಬಾರದು. ಅವನ ಕಣ್ಣು ತನಗೆ ಬೇಕಾದದ್ದನ್ನೇ ನೋಡುತ್ತದೆ. ಗದ್ದಕ್ಕೂ ಅದೇ ನಿಯಮ ಎಂದುಕೊಂಡೆ. ಸುತ್ತುಗಳ ನಡುವಿನ ದಿನ ಐದರಿಂದ ಏಳಾಗಿತ್ತು, ಆದರೆ ಅದು ನನ್ನ ಆಸೆಯಿಂದ ಆದದ್ದಿರಬಹುದು. ಮೊದಲು ಐದನೇ ದಿನ ಸಹಿಸದಿದ್ದುದನ್ನು ಈಗ ಏಳನೇ ದಿನದವರೆಗೆ ಸಹಿಸುತ್ತಿರಬಹುದು. ಹೊರಗಿನ ಕಣ್ಣೊಂದು ಬೇಕಿತ್ತು.

ಅದು ರಾಬರ್ಟ್‌ಸನ್‌ಪೇಟೆಯ ಪಾರ್ಲರಿನವಳದು. ಕಾರ್ಖಾನೆಯಿಂದ ಬರುವಾಗ ಅವಳ ಹತ್ತಿರವೇ ತ್ರೆಡ್ಡಿಂಗ್ ಮಾಡಿಸುತ್ತಿದ್ದೆ. ಮನೆಮಾತು ತಮಿಳು, ನನ್ನ ಜೊತೆ ಕನ್ನಡ, ಸಿಟ್ಟು ಬಂದರೆ ತಮಿಳು. ನೂಲಿನ ಒಂದು ತುದಿ ಹಲ್ಲಲ್ಲಿ ಕಚ್ಚಿಕೊಂಡು ಎರಡೇ ನಿಮಿಷದಲ್ಲಿ ಗದ್ದ ಮುಗಿಸುತ್ತಾಳೆ. ಮುಲಾಮಿನ ವಿಷಯ ಅವಳಿಗೆ ಹೇಳಲಿಲ್ಲ. ಹೇಳಿದರೆ ನನ್ನ ಸಂತೋಷಕ್ಕಾದರೂ ಕಡಿಮೆಯಾಗಿದೆ ಅನ್ನುತ್ತಾಳೆ. ತಾನಾಗಿ ಏನಾದರೂ ಅಂದರೆ ಅದು ಲೆಕ್ಕಕ್ಕೆ, ಇಲ್ಲದಿದ್ದರೆ ಇಲ್ಲ.

ಹನ್ನೆರಡನೇ ವಾರ ಅವಳು ನೂಲು ಬಾಯಿಂದ ತೆಗೆದಳು.

"ಅಕ್ಕಾ, ನಿಜ ಹೇಳಿ. ಬೇರೆ ಪಾರ್ಲರ್‌ಗೆ ಹೋಗ್ತಿದ್ದೀರಾ?"

"ಇಲ್ವಲ್ಲ."

"ಸುಮ್ನೆ ಹೇಳ್ಬೇಡಿ. ಮೊದ್ಲು ವಾರಕ್ಕೊಂದ್ಸಲ ಓಡಿ ಬರ್ತಿದ್ರಿ. ಈಗ ಹತ್ತು ದಿನ ಆದ್ಮೇಲೆ ಬರ್ತೀರ, ಆದ್ರೂ ಇಲ್ಲಿ ಕೂದ್ಲೇ ಇಲ್ಲ. ಎದುರುಗಡೆ ಹೊಸದು ತೆಗೆದಿದ್ದಾಳಲ್ಲಾ, ಅವಳ ಹತ್ರ ತಾನೇ? ಅಯ್ಯೋ ಕಡವುಳೇ, ಅವಳು ನನ್ನ ಹತ್ರಾನೇ ಕಲಿತವಳು!"

ಅವಳ ಸಿಟ್ಟು ನೋಡಿ ನನಗೆ ಆದ ಸಂತೋಷವನ್ನು ಮುಚ್ಚಿಡಲಾಗಲಿಲ್ಲ. ಅವಳು ಅದನ್ನೂ ತಪ್ಪು ತಿಳಿದಳು. ಕೊನೆಗೆ ಬ್ಯಾಗಿನಿಂದ ಟ್ಯೂಬ್ ತೆಗೆದು ತೋರಿಸಬೇಕಾಯಿತು. ಅವಳು ಅದರ ಮೇಲೆ ಬರೆದದ್ದನ್ನು ಓದಿ, ವಾಪಸು ಕೊಟ್ಟು, "ಇದನ್ನ ನನ್ನ ಬೇರೆ ಕಸ್ಟಮರ್‌ಗಳಿಗೆ ಹೇಳ್ಬೇಡಿ ಅಕ್ಕಾ," ಎಂದಳು. ಅವತ್ತು ನೋಟ್‌ಬುಕ್ಕಿನಲ್ಲಿ ಪಾಸು ಎಂದು ಬರೆದೆ.

ನವೆಂಬರ್ ಬಂತು. ತರಗತಿ ಸೋಮವಾರದಿಂದ. ಶನಿವಾರ ತ್ರೆಡ್ಡಿಂಗ್ ಮಾಡಿಸಿಕೊಂಡು, ನುಣ್ಣನೆಯ ಗದ್ದದಲ್ಲಿ ಹೋಗಿ ನಿಲ್ಲುವುದು ಎಂದು ಯೋಚಿಸಿದ್ದೆ. ಶನಿವಾರ ಹೋದರೆ ಪಾರ್ಲರಿಗೆ ಬೀಗ. ಅವಳು ನೆಂಟರ ಸಾವಿಗೆ ಆಂಬೂರಿಗೆ ಹೋಗಿದ್ದಳು. ಎದುರಿನ ಹೊಸ ಪಾರ್ಲರಿನ ಮೆಟ್ಟಿಲವರೆಗೆ ಹೋದೆ. ಒಳಗೆ ಹತ್ತು ಹೆಂಗಸರು ಮದುವೆ ಅಲಂಕಾರಕ್ಕೆ ಕೂತಿದ್ದರು. ಸಂಜೆ ಏಳಕ್ಕೆ ಬನ್ನಿ ಎಂದರು. ನನ್ನ ರೈಲು ಅದಕ್ಕಿಂತ ಮೊದಲು.

ಸೋಮವಾರ ಬೆಳಿಗ್ಗೆ, ಹಿಂದಿನ ತ್ರೆಡ್ಡಿಂಗ್ ಆಗಿ ಹದಿಮೂರನೇ ದಿನ. ಗದ್ದದ ಎಡಗಡೆ ಏಳೆಂಟು, ಬಲಗಡೆ ಅಷ್ಟಿಲ್ಲ. ಮೊದಲಿನಷ್ಟು ಅಲ್ಲ. ಆದರೆ ಟ್ಯೂಬ್‌ಲೈಟಿಗೆ ಕಾಣುತ್ತವೆ. ಗಂಡನ ರೇಜರ್ ಅಲ್ಲೇ ಇತ್ತು. ಬೋಳಿಸಿದರೆ ಕೂದಲು ದಪ್ಪವಾಗುವುದಿಲ್ಲ ಎಂದು ಡಾಕ್ಟರ್ ಹೇಳಿದ್ದರು, ನಾನು ನಂಬಿಯೂ ಇದ್ದೆ. ಆದರೂ ಚಿಕ್ಕಂದಿನಿಂದ ಕೇಳಿದ ಮಾತಿಗೆ ಕೈ ಹೆದರಿತು. ಚಿಮುಟ ತೆಗೆದುಕೊಂಡೆ. ಎರಡು ಕಿತ್ತೆ, ಮೂರನೆಯದು ಚರ್ಮದೊಂದಿಗೆ ಬಂದು ರಕ್ತ ಚುಕ್ಕೆಯಾಯಿತು. ಗಡಿಯಾರ ಆರೂವರೆ ತೋರಿಸುತ್ತಿತ್ತು. ಇನ್ನೂ ಕೀಳುತ್ತಾ ನಿಂತರೆ ರೈಲು ತಪ್ಪುತ್ತದೆ, ರೈಲು ತಪ್ಪಿದರೆ ತರಗತಿ ಇನ್ನೊಬ್ಬರದು. ಮೂರನೇ ಸಲ.

ಚಿಮುಟ ಕೆಳಗಿಟ್ಟೆ. ರಕ್ತದ ಜಾಗ ಬಿಟ್ಟು ಉಳಿದ ಕಡೆ ಎಂದಿನಂತೆ ಮುಲಾಮು ಹಚ್ಚಿ, ಒಣಗಲು ಬಿಟ್ಟು ಸೀರೆ ಉಟ್ಟೆ. ಮೊಳೆಗೆ ನೇತುಹಾಕಿದ್ದ ಮಾಸ್ಕನ್ನು ಅಲ್ಲೇ ಬಿಟ್ಟು ಹೊರಟೆ. ಮರೆತು ಬಿಟ್ಟೆನೋ ಬೇಕೆಂದೇ ಬಿಟ್ಟೆನೋ ಪ್ರಮಾಣ ಮಾಡಿ ಹೇಳಲಾರೆ. ಬೇಕೆಂದೇ ಎನ್ನುತ್ತದೆ ನೆನಪು. ನೋಟ್‌ಬುಕ್ ಏನೂ ಹೇಳುವುದಿಲ್ಲ.

ಎಂಟು ಜನರಿದ್ದರು, ಐದು ಹುಡುಗಿಯರು, ಮೂವರು ಹುಡುಗರು. ಎಲ್ಲ ಐ.ಟಿ.ಐ. ಮುಗಿಸಿದವರು, ಸುತ್ತಲ ಹಳ್ಳಿಗಳವರು. ಅಳೆಯುವ ವಸ್ತುವಿನ ಮೇಲೆ ಏನು ಕೆಲಸ ಮಾಡುವ ಮೊದಲೂ ಒಂದು ಅಳತೆ ತೆಗೆದು ಬರೆದಿಡಬೇಕು, ಇಲ್ಲದಿದ್ದರೆ ಆಮೇಲಿನ ಅಳತೆಗೆ ಅರ್ಥವಿಲ್ಲ ಎಂಬುದರಿಂದ ಶುರುಮಾಡಿದೆ. ಆಮೇಲೆ ಎಲ್ಲರಿಗೂ ತಲೆಯಿಂದ ಒಂದೊಂದು ಕೂದಲು ಕಿತ್ತುಕೊಳ್ಳಲು ಹೇಳಿದೆ. ಮೈಕ್ರೋಮೀಟರಿನ ಮೊದಲ ಪಾಠ ಎಲ್ಲ ಕಡೆಯೂ ಅದೇ. ಕೂದಲನ್ನು ಬಿಗಿಯದೆ, ಹಿಸುಕದೆ ಹಿಡಿದು ಓದಲು ಬಂದರೆ ಕೈ ಹದಕ್ಕೆ ಬಂತು ಎಂದು ಅರ್ಥ.

ಒಬ್ಬೊಬ್ಬರ ಪಕ್ಕದಲ್ಲೂ ಬಾಗಿ ಓದಿಸಿದೆ. ಮಿಲಿಮೀಟರಿನ ನೂರು ಭಾಗದಲ್ಲಿ ಆರು, ಏಳು, ಮತ್ತೆ ಆರು. ಅವರ ಉಸಿರು ನನ್ನ ಕೆನ್ನೆಗೆ ತಾಗುತ್ತಿತ್ತು. ಬೂದಿಕೋಟೆಯ ಹುಡುಗಿಯೊಬ್ಬಳು ಪಕ್ಕದವನ ಕಡೆ ಕೈ ತೋರಿಸಿದಳು.

"ಮೇಡಂ, ಇವನ ಮೀಸೆದು ಅಳೀಬೌದಾ?"

"ಬೇಡ ಮೇಡಂ," ಎಂದ ಅವನು.

"ಅವನು ಕೊಡಲ್ಲ ಮೇಡಂ. ಇರೋದೇ ನಾಕು. ಒಂದು ಕಿತ್ರೆ ಕಾಲು ಭಾಗ ಓಯ್ತದೆ."

ಎಲ್ಲರೂ ಬಿದ್ದುಬಿದ್ದು ನಕ್ಕರು. ನನ್ನ ಕೈ ಅಭ್ಯಾಸದಂತೆ ಗದ್ದ ಮುಚ್ಚಲು ಹೋಯಿತು. ಅವನು ರೋಷದಲ್ಲಿ ಒಂದು ಕಿತ್ತುಕೊಟ್ಟ. ಹನ್ನೊಂದು. ತಲೆಯದಕ್ಕಿಂತ ದಪ್ಪ. ಯಾಕೆ ಮೇಡಂ ಎಂದು ಯಾರೋ ಕೇಳಿದರು. ಮುಖದ ಕೂದಲಿನ ಬೇರೇ ಬೇರೆ ಥರ ಎಂದು ಹೇಳುತ್ತಿದ್ದಾಗ, ಗದ್ದದ ಮೇಲಿದ್ದ ನನ್ನ ಉಗುರಿಗೆ ಎಡಗಡೆಯದೊಂದು ಸಿಕ್ಕಿತು. ನೆನಪಿನಲ್ಲಿ ಅದನ್ನು ನಾನು ತಟ್ಟನೆ, ಧೈರ್ಯವಾಗಿ ಕಿತ್ತೆ. ಅವತ್ತಿನ ಪುಟದಲ್ಲಿ "ತುಂಬ ಹೊತ್ತು ಹಿಡಿದುಕೊಂಡೇ ನಿಂತಿದ್ದೆ" ಎಂದಿದೆ. ಕಿತ್ತದ್ದಂತೂ ನಿಜ.

"ಇದು ನನ್ನ ಗದ್ದದ್ದು. ಓದು," ಎಂದು ಆ ಹುಡುಗಿಗೇ ಕೊಟ್ಟೆ.

ಅವಳು ಕೂದಲನ್ನು ಮೈಕ್ರೋಮೀಟರಿನ ಎರಡು ದವಡೆಗಳ ನಡುವೆ ಇಟ್ಟು, ರ‍್ಯಾಚೆಟ್ ಮೂರು ಸಲ ಟಕ್ಕೆನ್ನುವವರೆಗೆ ತಿರುಗಿಸಿ, ಒಂದು ಕಣ್ಣು ಮುಚ್ಚಿ ಓದಿದಳು. "ಒಂಬತ್ತು ಮೇಡಂ."

"ನಾಲ್ಕೂವರೆ ತಿಂಗಳಿಂದ ಇದಕ್ಕೆ ಮುಲಾಮು ಹಚ್ತಾ ಇದ್ದೀನಿ. ಬೆಳೆಯೋದು ನಿಧಾನ ಆಗಿದೆ."

"ದಪ್ಪಾನೂ ಕಮ್ಮಿ ಆಗೈತಾ ಮೇಡಂ? ಮೊದ್ಲು ಎಷ್ಟಿತ್ತು?"

ನೋಟ್‌ಬುಕ್ಕಿನ ಪುಟಗಳನ್ನು ಮನಸ್ಸಿನಲ್ಲೇ ತಿರುವಿದೆ. ದಿನಗಳನ್ನು ಗೀಟು ಹಾಕಿಟ್ಟಿದ್ದೆ, ಅರಿಶಿನ ಬರೆದಿದ್ದೆ, ಪಾರ್ಲರಿನವಳ ಸಿಟ್ಟನ್ನೂ ಬರೆದಿದ್ದೆ. ಹನ್ನೊಂದು ವರ್ಷದಿಂದ ಮೈಕ್ರೋಮೀಟರ್ ಹಿಡಿದವಳಿಗೆ ಜೂನ್ ತಿಂಗಳಲ್ಲಿ ಒಂದು ಕೂದಲು ಅಳೆದಿಡಬೇಕು ಅನ್ನಿಸಿರಲೇ ಇಲ್ಲ. ಗದ್ದವನ್ನು ಮುಚ್ಚಿಡುವ ವಸ್ತು ಎಂದುಕೊಂಡಿದ್ದೆನೇ ಹೊರತು ಅಳೆಯುವ ವಸ್ತು ಎಂದಲ್ಲ.

"ಮೊದಲ ಅಳತೆ ತಗೊಂಡಿಲ್ಲ," ಎಂದೆ.

ಮೀಸೆಯವನು ತನ್ನ ಸೇಡು ತೀರಿಸಿಕೊಂಡ. "ಹಂಗಾದ್ರೆ ನೀವೇ ರಿಜೆಕ್ಟ್ ಮೇಡಂ!"

ಈ ಸಲ ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಇದನ್ನು ನೋಟ್‌ಬುಕ್ಕೂ ಹೇಳುತ್ತದೆ. ಆಮೇಲೆ ಬೋರ್ಡಿನ ಮೇಲೆ ದಿನಾಂಕ ಬರೆದು, ಅದರ ಮುಂದೆ ಸೊನ್ನೆ ಬಿಂದು ಸೊನ್ನೆ ಒಂಬತ್ತು ಎಂದು ಬರೆದೆ. ಇದನ್ನೇ ಮೊದಲ ಅಳತೆ ಎಂದುಕೊಳ್ಳೋಣ, ಎರಡನೆಯದು ಎರಡು ತಿಂಗಳ ಮೇಲೆ, ಅದನ್ನೂ ನೀವೇ ಓದಬೇಕು, ನಾನು ಓದಿದರೆ ನಂಬಬೇಡಿ ಎಂದೆ.

ಸಂಜೆ ಮನೆಗೆ ಬಂದು ಮುಖ ತೊಳೆದು ಆರೂವರೆಗೆ ಮುಲಾಮು ಹಚ್ಚಿದೆ. ಫೆಬ್ರವರಿ ಬ್ಯಾಚಿಗೂ ನಾನೇ ಎಂದು ಮುಖ್ಯಸ್ಥರಿಗೆ ಹೇಳಿ ಬಂದಿದ್ದೆ. ಗಂಟಲಿನ ಬಗ್ಗೆ ಅವರು ಏನೂ ಕೇಳಲಿಲ್ಲ.